ಇಲವಾಲದ ಡಾಕ್ಟರಮ್ಮನ ಆಟೊಮ್ಯಾಟಿಕ್ ಗಾಡಿ

1996ರ ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಇಲವಾಲ ದಾಟಿ ಸ್ವಲ್ಪ ದೂರದಲ್ಲಿ, ಹುಣಸೂರು ರಸ್ತೆಯ ಮೇಲೆ ಪಶುವೈದ್ಯೆ ಡಾ. ಸರ್ವಮಂಗಳಾ ಅವರ ಗಾಡಿ ನಿಂತುಹೋಯಿತು. ಎಂಜಿನ್ ಓಡುತ್ತಿತ್ತು. ಗೇರಿನ ಹಿಡಿಯನ್ನು ಎಲ್ಲಿಗೆ ಹಾಕಿದರೂ ಚಕ್ರ ತಿರುಗುತ್ತಿರಲಿಲ್ಲ. ಊರಿನವರೊಬ್ಬರು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಅದನ್ನು ಮೈಸೂರಿನ ಲಷ್ಕರ್ ಮೊಹಲ್ಲಾದ ನಮ್ಮ ಗ್ಯಾರೇಜಿನವರೆಗೆ ಎಳೆದು ತಂದರು.

ಗ್ಯಾರೇಜು ಗಫಾರ್ ಸಾಹೇಬರದು. ಹೆಡ್ ಮೆಕ್ಯಾನಿಕ್ಕೂ ಅವರೇ. ನಾನು ಡಿಪ್ಲೊಮಾ ಮುಗಿಸಿ ಅವರ ಕೈಕೆಳಗೆ ಸೇರಿದವನು, ಕೆಲಸ ಬಿಡುವವರೆಗೂ ಅಲ್ಲೇ ಇದ್ದೆ. ನಮ್ಮ ಮನೆಯಲ್ಲಿ ಹಿಂದಿನ ತಲೆಮಾರುಗಳೆಲ್ಲ ಅರಮನೆಯ ಕಚೇರಿಯಲ್ಲಿ ಬರೆಯುವ ಕೆಲಸ ಮಾಡಿದವರು. ಸಾಹೇಬರು ಆಗಾಗ ಅದನ್ನೆತ್ತಿ ಆಡಿಕೊಳ್ಳುತ್ತಿದ್ದರು. "ಶ್ರೀಕಂಠು, ನಿಮ್ಮ ತಾತ ಮಸಿ ಕೈ, ನೀನು ಗ್ರೀಸ್ ಕೈ. ಬಣ್ಣ ಒಂದೇ ಕಣಪ್ಪ, ಸೋಪು ಮಾತ್ರ ಬೇರೆ."

ಈಗ ಈ ಕೆಲಸಕ್ಕೆ ಬರುವ ಹುಡುಗರು ಕಂಪ್ಯೂಟರಿನ ತಂತಿ ಸಿಕ್ಕಿಸಿ ದೋಷದ ಸಂಖ್ಯೆ ಓದುತ್ತಾರೆ. ಅದು ಬರುವ ಮೊದಲು ಆಟೊಮ್ಯಾಟಿಕ್ ಗೇರ್ ಬಾಕ್ಸನ್ನು ನಾವು ಹೇಗೆ ನೋಡುತ್ತಿದ್ದೆವು ಎಂದು ಬರೆದಿಡುವಂತೆ ಕೆಲವರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಆಗ ಮೈಸೂರಿನಲ್ಲಿ ಅಂಥ ಗಾಡಿಗಳೇ ಅಪರೂಪ. ನಾನು ಚೆನ್ನಾಗಿ ಬಲ್ಲದ್ದು ಇದೊಂದನ್ನೇ.

ಅದು ಜಪಾನಿನ ಹಳೆಯ ಪೆಟ್ರೋಲ್ ಗಾಡಿ, ನಾಲ್ಕೂ ಚಕ್ರ ಎಳೆಯುವಂಥದ್ದು. ಡಾಕ್ಟರ ತಂದೆ ಅದನ್ನು ಮದರಾಸಿನ ಹರಾಜಿನಲ್ಲಿ ಹಿಡಿದು ತಂದಿದ್ದರು. ಮಗಳಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಗಿ ಎಡಗಾಲಿಗೆ ಕಬ್ಬಿಣದ ಪಟ್ಟಿ ಬಂದಿತ್ತು. ಕ್ಲಚ್ ತುಳಿಯುವುದು ಆಗದ ಮಾತು. ಕ್ಲಚ್ ಪೆಡಲ್ ಇಲ್ಲದ, ಹೊಲದ ಕೆಸರಿನಲ್ಲೂ ಹೋಗಬಲ್ಲ ಗಾಡಿ ಆಗ ಇವರಿಗೆ ಸಿಕ್ಕಿದ್ದು ಇದೊಂದೇ. ವಿದ್ಯಾರಣ್ಯಪುರಂನ ಮನೆಯಿಂದ ಇಲವಾಲದ ಸುತ್ತಿನ ಹಳ್ಳಿಗಳಿಗೆ ಅವರು ತಾವೇ ಓಡಿಸಿಕೊಂಡು ಹೋಗುತ್ತಿದ್ದರು.

ಮೊದಲ ದಿನದ ಮೊದಲ ತಪ್ಪು ಟ್ರ್ಯಾಕ್ಟರಿನ ಹಗ್ಗ. ಆಟೊಮ್ಯಾಟಿಕ್ ಗೇರ್ ಬಾಕ್ಸಿನೊಳಗೆ ಆಯಿಲನ್ನು ಹರಿಸುವ ಪಂಪು ಎಂಜಿನ್ ಓಡಿದಾಗ ಮಾತ್ರ ಓಡುತ್ತದೆ. ಎಂಜಿನ್ ನಿಲ್ಲಿಸಿ, ಚಕ್ರ ನೆಲದ ಮೇಲಿಟ್ಟು ಎಳೆದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೆ ತಿರುಗುತ್ತವೆ. ಇಂಥ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಎಳೆತ ಕೊಡಲು ಇನ್ನೊಂದು ಚಿಕ್ಕ ಹಿಡಿ ಇರುತ್ತದೆ. ಅದನ್ನು ನ್ಯೂಟ್ರಲ್ಲಿಗೆ ಹಾಕಿ ಎಳೆದರೆ ತೊಂದರೆ ಇಲ್ಲ. ಆ ದಿನ ಇದು ಟ್ರ್ಯಾಕ್ಟರಿನವರಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ.

ಆಯಿಲನ್ನು ತಣಿಸಲು ರೇಡಿಯೇಟರಿಗೆ ಒಯ್ಯುವ ರಬ್ಬರ್ ಹೋಸು ಸೀಳಿ ಗೇರ್ ಬಾಕ್ಸಿನ ಆಯಿಲೆಲ್ಲ ರಸ್ತೆಗೆ ಸುರಿದಿತ್ತು. ಹೋಸು ಬದಲಾಯಿಸಿದೆವು. ಅದಕ್ಕೆ ಬೇಕಾದ ಕೆಂಪು ಆಯಿಲ್ ಆಗ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ಪವರ್ ಸ್ಟೀರಿಂಗ್ ಆಯಿಲ್ ಎಂಬ ಹೆಸರಿನಲ್ಲಿ. ಅಳತೆಯ ಕಡ್ಡಿಯ ಮೇಲೆ ಎರಡು ಜೊತೆ ಗೆರೆಗಳಿದ್ದವು. ಸಾಹೇಬರು ಕಡ್ಡಿಯನ್ನು ಬಿಸಿಲಿಗೆ ಹಿಡಿದು ನೋಡಿದರು.

"ಕೆಳಗಿಂದು ಬೇಸಿಗೆಗೆ, ಮೇಲಿಂದು ಮಳೆಗಾಲಕ್ಕೆ. ಈಗ ಮಳೆಗಾಲ. ಮೇಲಿನವರೆಗೆ ಹುಯ್ಯಿ" ಎಂದರು.

ಹುಯ್ದೆ. ಎಂಜಿನ್ ನಿಲ್ಲಿಸಿಯೇ ಅಳೆದೆವು, ಏಕೆಂದರೆ ಎಂಜಿನ್ ಆಯಿಲನ್ನು ಅಳೆಯುವುದು ಹಾಗೆ. ಮಾರನೆಯ ದಿನ ಡಾಕ್ಟರು ಗಾಡಿ ತಂದು ನಿಲ್ಲಿಸಿದಾಗ ಕಡ್ಡಿಯ ಕೊಳವೆಯಿಂದ ಗುಲಾಬಿ ನೊರೆ ಉಕ್ಕಿ ಇಳಿಯುತ್ತಿತ್ತು.

"ಸಾಹೇಬ್ರೆ, ಇದು ಹಾಲು ಕರೆಯೋಕೆ ಶುರು ಮಾಡಿದೆ" ಎಂದರು ಡಾಕ್ಟರು.

ಆಯಿಲ್ ಹೆಚ್ಚಾಗಿ, ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡಿದ್ದವು. ಗೆರೆಗಳು ಋತುವಿನವಲ್ಲ, ಆಯಿಲ್ ತಣ್ಣಗಿದ್ದಾಗ ಒಂದು, ಬಿಸಿಯಾದಾಗ ಒಂದು. ಎಂಜಿನ್ ಓಡುತ್ತಿರಬೇಕು, ಬ್ರೇಕು ತುಳಿದು ಹಿಡಿಯನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ಒಯ್ದು ತರಬೇಕು, ಆಮೇಲೆ ಪಾರ್ಕಿನಲ್ಲಿಟ್ಟು ಅಳೆಯಬೇಕು. ಬೆಂಗಳೂರಿನ ಪರಿಚಯದವರಿಂದ ಇಷ್ಟನ್ನು ಕೇಳಿ ತಿಳಿದುಕೊಂಡ ಮೇಲೂ ನಮ್ಮ ಅಳತೆ ತಪ್ಪುತ್ತಲೇ ಇತ್ತು. ಕಾರಣ ನಮ್ಮ ನೆಲ. ಗಾಡಿ ತೊಳೆದ ನೀರು ಚರಂಡಿಗೆ ಹರಿದು ಹೋಗಲೆಂದು ಗ್ಯಾರೇಜಿನ ಸಿಮೆಂಟ್ ನೆಲವನ್ನು ಇಳಿಜಾರಾಗಿ ಹಾಕಿಸಿದ್ದರು. ಮೈಸೂರಿನ ಬಹುತೇಕ ಗ್ಯಾರೇಜುಗಳ ನೆಲ ಹಾಗೆಯೇ ಇತ್ತು. ಆಮೇಲೆ ಅಳೆಯಬೇಕಾದಾಗಲೆಲ್ಲ ಗಾಡಿಯನ್ನು ಸಮತಟ್ಟಾದ ರಸ್ತೆಗೆ ಒಯ್ಯುತ್ತಿದ್ದೆವು.

ಮುಂದಿನ ವರ್ಷ ಡಾಕ್ಟರ ತಮ್ಮ ನಂಜುಂಡಸ್ವಾಮಿ ಗ್ಯಾರೇಜಿಗೆ ಬಂದರು. ಸಂತೆಪೇಟೆಯಲ್ಲಿ ಅವರದು ಬೇಳೆಕಾಳಿನ ಸಗಟು ಅಂಗಡಿ. ಗಾಡಿ ಪೆಟ್ರೋಲ್ ಕುಡಿಯುತ್ತದೆ ಎಂಬುದು ಅವರ ದೂರು.

"ಸಾಹೇಬ್ರೆ, ಊರಿಗೆಲ್ಲ ಮೈಲೇಜ್ ಸೆಟ್ಟಿಂಗ್ ಮಾಡ್ಕೊಡ್ತೀರಿ. ನಮ್ಮ ಅಕ್ಕನ ಗಾಡಿಗೂ ಒಂದು ಕೈ ಹಾಕ್ಬುಡಿ."

ಮೈಲೇಜ್ ಸೆಟ್ಟಿಂಗ್ ಗಫಾರ್ ಸಾಹೇಬರ ಹೆಸರಾಗಿದ್ದ ಕೆಲಸ. ಕಾರ್ಬ್ಯುರೇಟರನ್ನು ತುಸು ಬಿಗಿ ಮಾಡುವುದು, ಎಕ್ಸಿಲರೇಟರ್ ಪೂರ್ತಿ ತೆರೆಯದಂತೆ ಕೇಬಲ್ಲನ್ನು ತುಸು ಸಡಿಲಿಸುವುದು. ಎಷ್ಟು ಸಡಿಲಿಸಬೇಕೆಂಬುದು ಅವರ ಬೆರಳಿಗೆ ಗೊತ್ತಿತ್ತು. ಕೆ.ಆರ್. ನಗರ, ನಂಜನಗೂಡು ಕಡೆಯಿಂದಲೂ ಟ್ಯಾಕ್ಸಿಯವರು ಅದಕ್ಕಾಗಿಯೇ ಬರುತ್ತಿದ್ದರು. ಈ ಗಾಡಿಗೂ ಅವರು ಅದನ್ನೇ ಮಾಡಿದರು. ಕೆಲಸ ಮುಗಿದ ಮೇಲೆ ಓಡಿಸಿದಾಗ ಗೇರುಗಳು ಬೇಗ ಬೇಗ ಬದಲಾದವು, ಎಂಜಿನ್ ಸದ್ದು ಕಡಿಮೆಯಾಯಿತು, ಪೆಟ್ರೋಲೂ ಉಳಿಯಿತು. ನಂಜುಂಡಸ್ವಾಮಿಯವರು ಸಿಹಿ ತಂದು ಹಂಚಿದರು.

1998ರ ಮಳೆಗಾಲದಲ್ಲಿ ಗಾಡಿ ಮತ್ತೆ ತೊಂದರೆ ಕೊಡತೊಡಗಿತು. ಏರಿನಲ್ಲಿ ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ರಿವರ್ಸಿಗೆ ಹಾಕಿದರೆ ಸ್ವಲ್ಪ ಹೊತ್ತು ಏನೂ ಆಗದೆ ಆಮೇಲೆ ಧಡಕ್ಕನೆ ಹಿಡಿಯುತ್ತಿತ್ತು. ನಾವು ಆಯಿಲ್ ಬದಲಾಯಿಸಿದೆವು. ಫಿಲ್ಟರ್ ತೆಗೆದು ತೊಳೆದೆವು. ಹೋಸುಗಳನ್ನು ಮತ್ತೆ ನೋಡಿದೆವು. ಪ್ರತಿ ಸಲವೂ ಒಂದಷ್ಟು ದಿನ ಸರಿಯಾದಂತೆ ಕಂಡು ಮತ್ತೆ ಅದೇ ಆಗುತ್ತಿತ್ತು. ತೆಗೆದ ಆಯಿಲ್ ಕಂದು ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಬರುತ್ತಿತ್ತು.

ಆಗಸ್ಟಿನಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಡಾಕ್ಟರು ಹೇಳಿದ್ದನ್ನು ಬರೆಯುತ್ತಿದ್ದೇನೆ. ಇಲವಾಲದ ಆಚೆಯ ಒಂದು ಹಳ್ಳಿಯಲ್ಲಿ ಹಸು ಈಯಲಾರದೆ ಬಿದ್ದಿತ್ತು, ಕರು ಅಡ್ಡ ಸಿಕ್ಕಿಕೊಂಡಿತ್ತು. ಕರೆ ಬಂದ ಕೂಡಲೇ ಅವರು ಹೊರಟರು. ಕೆರೆ ಏರಿಯ ಹತ್ತಿರದ ದಿಬ್ಬದಲ್ಲಿ ಗಾಡಿ ಏರಲಿಲ್ಲ. ಕೆಸರಿನಲ್ಲಿ ಆ ಕಾಲಿಟ್ಟುಕೊಂಡು ನಡೆಯುವಂತಿರಲಿಲ್ಲ. ಯಾರೋ ಎತ್ತಿನ ಗಾಡಿ ಹೂಡಿಕೊಂಡು ಬರುವವರೆಗೆ ಅವರು ಅಲ್ಲೇ ಕುಳಿತಿದ್ದರು. ಹಸು ಉಳಿಯಿತು. ಕರು ಉಳಿಯಲಿಲ್ಲ.

ಮರುದಿನ ಅಕ್ಕ ತಮ್ಮ ಇಬ್ಬರೂ ಗ್ಯಾರೇಜಿಗೆ ಬಂದರು. ನಂಜುಂಡಸ್ವಾಮಿ ತೀರ್ಮಾನ ಮಾಡಿಕೊಂಡೇ ಬಂದಿದ್ದರು. ಆ ಕಾಲಕ್ಕೆ ಕೆಟ್ಟ ಆಟೊಮ್ಯಾಟಿಕ್ಕಿಗೆ ಊರಿನ ಎಲ್ಲ ಗ್ಯಾರೇಜುಗಳಲ್ಲೂ ಒಂದೇ ಔಷಧ. ಅದನ್ನು ಕಿತ್ತು, ಜೀಪಿನ ಮಾಮೂಲಿ ಗೇರ್ ಬಾಕ್ಸು ಕೂರಿಸಿ, ಕ್ಲಚ್ ಪೆಡಲ್ ಹಾಕುವುದು.

"ಸಾಹೇಬ್ರೆ, ಮ್ಯಾನುಯಲ್ ಹಾಕ್ಬುಡಿ. ಒಬ್ಬ ಡ್ರೈವರ್ ಇಡ್ತೀನಿ. ನಾನೇ ಸಂಬಳ ಕೊಡ್ತೀನಿ" ಎಂದರು.

"ಡ್ರೈವರ್ ಯಾಕೋ?" ಎಂದರು ಡಾಕ್ಟರು.

"ಇನ್ನೇನು ಅಕ್ಕ, ಕ್ಲಚ್ಚು ನೀನು ತುಳೀತೀಯಾ?"

"ಡ್ರೈವರ್ ಊಟಕ್ಕೆ ಹೋದಾಗ ಕರೆ ಬಂದ್ರೆ? ಅವನ ಮನೇಲಿ ಮದುವೆ ಇದ್ರೆ? ಆಗ ಸ್ಕೂಲಿಗೆ ಅಪ್ಪ ಬಿಡ್ಬೇಕಿತ್ತು, ಕಾಲೇಜಿಗೆ ನೀನು ಬಿಡ್ಬೇಕಿತ್ತು. ಯಾರು ಬರ್ತಾರೋ ಅಂತ ಬಾಗಿಲು ನೋಡ್ಕೊಂಡು ಕೂತದ್ದು ಸಾಕು ಕಣೋ."

"ನಿನ್ನೆ ಎಲ್ಲಿ ಕೂತಿದ್ದೆ ಮತ್ತೆ? ಕೆರೆ ಏರಿ ಮೇಲೆ, ಎತ್ತಿನ ಗಾಡಿ ನೋಡ್ಕೊಂಡು."

ಗಫಾರ್ ಸಾಹೇಬರು ನಂಜುಂಡಸ್ವಾಮಿಯವರ ಮಾತಿಗೇ ಒಪ್ಪಿದ್ದರು. ಜೀಪಿನ ಗೇರ್ ಬಾಕ್ಸೊಂದನ್ನು ನೋಡಿಯೂ ಇಟ್ಟಿದ್ದರು. "ಮೇಡಮ್, ಇದರ ಒಳಗೆ ಏನಿದೆ ಅಂತ ದೇವರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಎಷ್ಟು ಸಲ ರಿಪೇರಿ ಮಾಡೋದು?" ಎಂದರು.

ಡಾಕ್ಟರು ಊರುಗೋಲನ್ನು ಗೋಡೆಗೆ ಒರಗಿಸಿ ಸ್ಟೂಲಿನ ಮೇಲೆ ಕುಳಿತರು. "ಹಸುಗೆ ಬಾಯಿಲ್ಲ. ಅದಕ್ಕೇ ಸಾಕಿದವರನ್ನ ಕೇಳ್ತೀವಿ. ಯಾವಾಗ ಮೇವು ಬಿಡ್ತು, ಏನು ತಿಂದಮೇಲೆ ಹಿಂಗಾಯ್ತು ಅಂತ. ಈ ಗಾಡಿ ದಿನಾ ಓಡಿಸೋಳು ನಾನು. ನೀವು ಮೂರು ಸಲ ಆಯಿಲ್ ಚೇಂಜ್ ಮಾಡಿದ್ರಿ. ನನ್ನ ಒಂದು ಮಾತೂ ಕೇಳ್ಲಿಲ್ಲ."

ಸಾಹೇಬರು ನನ್ನ ಕಡೆ ನೋಡಿ, "ಹೋಗಿ ಕೇಳ್ಕೊಂಡು ಬಾ" ಎಂದರು. ಶನಿವಾರದವರೆಗೆ ನೋಡುವುದು, ಆಗದಿದ್ದರೆ ಗೇರ್ ಬಾಕ್ಸು ಕೀಳುವುದು ಎಂದು ತೀರ್ಮಾನವಾಯಿತು.

ಅವರ ಪಕ್ಕ ಕುಳಿತು ಇಲವಾಲದವರೆಗೆ ಹೋಗಿ ಬಂದೆ. ಈ ಕೆಲಸಕ್ಕೆ ಬರುವವರು ಕಲಿಯಬೇಕಾದ ಮೊದಲ ವಿಷಯ ಇದು: ಓಡಿಸುವವರ ಪಕ್ಕ ಬಾಯಿ ಮುಚ್ಚಿಕೊಂಡು ಕೂರುವುದು. ಅವರು ತೋರಿಸಿದ್ದು ಹೀಗಿತ್ತು. ಎಕ್ಸಿಲರೇಟರನ್ನು ಮೆಲ್ಲಗೆ ತುಳಿದರೆ ಗಾಡಿ ತಕರಾರಿಲ್ಲದೆ ಹೋಗುತ್ತದೆ, ಬಿಸಿಯಾಗಿದ್ದರೂ ಹೋಗುತ್ತದೆ. ಜೋರಾಗಿ ತುಳಿದಾಗ ಮಾತ್ರ ಜಾರುತ್ತದೆ. ಮೊದಲು ಏರಿನಲ್ಲಿ ಪೂರ್ತಿ ತುಳಿದರೆ ಗೇರು ತಾನೇ ಒಂದು ಮೆಟ್ಟಿಲು ಕೆಳಗಿಳಿದು ಎಳೆಯುತ್ತಿತ್ತು. ಈಗ ಇಳಿಯುವುದೇ ಇಲ್ಲ.

"ಇದು ಯಾವಾಗಿಂದ ಹೀಗೆ?" ಎಂದು ಕೇಳಿದೆ.

"ಇಳಿಯೋದು ನಿಂತು ವರ್ಷದ ಮೇಲಾಯ್ತು. ಜಾರೋದು ಈ ಮಳೆಗಾಲದಿಂದ. ಮೊದಲು ನಿಂತಿದ್ದು ನನಗೆ ಕಾಯಿಲೆ ಅನ್ನಿಸಲಿಲ್ಲ. ಪೆಟ್ರೋಲ್ ಉಳೀತಿದೆ ಅಂತ ತಮ್ಮ ಖುಷಿಯಾಗಿದ್ದ. ನಾನೂ ಸುಮ್ಮನಾದೆ."

ವರ್ಷದ ಹಿಂದೆ ಈ ಗಾಡಿಗೆ ಆಗಿದ್ದ ಕೆಲಸ ಒಂದೇ, ಮೈಲೇಜ್ ಸೆಟ್ಟಿಂಗ್.

ಗ್ಯಾರೇಜಿಗೆ ಬಂದು ಬಾನೆಟ್ ತೆಗೆದೆ. ಕಾರ್ಬ್ಯುರೇಟರಿನ ಬಳಿ ಎರಡು ಕೇಬಲ್ಲುಗಳಿದ್ದವು. ಒಂದು ಪೆಡಲ್ಲಿನಿಂದ ಬರುವುದು. ಇನ್ನೊಂದು ಅಲ್ಲಿಂದ ಹೊರಟು ಕೆಳಗೆ ಗೇರ್ ಬಾಕ್ಸಿನೊಳಕ್ಕೆ ಹೋಗುತ್ತದೆ. ಬೆಂಗಳೂರಿನ ಅದೇ ಪರಿಚಯದವರನ್ನು ಕೇಳಿದಾಗ ತಿಳಿಯಿತು, ಚಾಲಕ ಎಷ್ಟು ತುಳಿದಿದ್ದಾನೆ ಎಂಬುದನ್ನು ಗೇರ್ ಬಾಕ್ಸಿಗೆ ತಿಳಿಸುವುದೇ ಅದರ ಕೆಲಸ. ಹೆಚ್ಚು ತುಳಿದಷ್ಟೂ ಕೇಬಲ್ ಎಳೆಯುತ್ತದೆ, ಒಳಗೆ ಆಯಿಲಿನ ಒತ್ತಡ ಏರುತ್ತದೆ, ಆ ಒತ್ತಡ ಗೇರ್ ಬಾಕ್ಸಿನೊಳಗೇ ಇರುವ ಕ್ಲಚ್ ಪ್ಲೇಟುಗಳನ್ನು ಬಿಗಿಯಾಗಿ ಹಿಡಿಯುತ್ತದೆ. ಕೇಬಲ್ ಸಡಿಲವಿದ್ದರೆ ಗೇರ್ ಬಾಕ್ಸಿಗೆ ಚಾಲಕ ಸದಾ ಮೆಲ್ಲಗೇ ತುಳಿಯುತ್ತಿದ್ದಾನೆ ಎಂಬ ಲೆಕ್ಕ. ಗೇರು ಬೇಗ ಬದಲಾಗುತ್ತದೆ, ಪೆಟ್ರೋಲ್ ಉಳಿಯುತ್ತದೆ, ಹಿಡಿತ ಸಾಲದ ಪ್ಲೇಟುಗಳು ಜಾರಿ ಸುಡುತ್ತವೆ. ಕೇಬಲ್ಲಿನ ಮೇಲೆ ತಯಾರಕರೇ ಒತ್ತಿ ಕೂರಿಸಿದ ಒಂದು ಸಣ್ಣ ಗುಂಡು ಇರುತ್ತದೆ. ಪೂರ್ತಿ ತುಳಿದಾಗ ಅದು ಕವಚದ ಬಾಯಿಗೆ ತಾಗುವಷ್ಟು ಹತ್ತಿರ ನಿಲ್ಲಬೇಕು. ಇಲ್ಲಿ ಗುಂಡು ಕವಚದೊಳಗೆ ಎಲ್ಲೋ ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ.

ಸಾಹೇಬರನ್ನು ಕರೆದೆ. ಅವರು ಬಗ್ಗಿ ನೋಡಿದರು. ಬೆರಳಿನಿಂದ ಕೇಬಲ್ಲನ್ನು ಒಮ್ಮೆ ಮೀಟಿದರು.

"ಇದು ಎಕ್ಸಿಲರೇಟರಿಂದೇ ಇನ್ನೊಂದು ಕೇಬಲ್ ಅಂದ್ಕೊಂಡೆ. ನಾನೇ ಲೂಸ್ ಮಾಡಿದ್ದು."

ಗುಂಡು ನಿಲ್ಲಬೇಕಾದ ಜಾಗವನ್ನು ನಾನು ತೋರಿಸಿದೆ.

"ಬಿಗಿ ಮಾಡಿ ಓಡಿಸಿ ನೋಡೋಣ" ಎಂದು ಪಾನಾ ಕೈಗೆ ತೆಗೆದುಕೊಂಡರು. ಅಳೆಯದೆ ಬಿಗಿ ಮಾಡುವುದು ಬೇಡ ಎಂದೆ. ಮೇಟಗಳ್ಳಿಯಲ್ಲಿ ಹೈಡ್ರಾಲಿಕ್ ಪ್ರೆಸ್ಸುಗಳ ರಿಪೇರಿ ಮಾಡುವ ಶೆಡ್ಡಿನಿಂದ ಒತ್ತಡ ಅಳೆಯುವ ಗೇಜೊಂದನ್ನು ತಂದೆವು. ಗೇರ್ ಬಾಕ್ಸಿನ ಪಕ್ಕದಲ್ಲಿ ಅದಕ್ಕೆಂದೇ ಒಂದು ಪ್ಲಗ್ ಇರುತ್ತದೆ. ಗೇಜಿನ ಕೊಳವೆ ಅದಕ್ಕೆ ಕೂರದೆ ಲೇಥಿನಲ್ಲಿ ಹಿತ್ತಾಳೆಯ ಒಂದು ಜೋಡಣೆ ಕಡೆಸಬೇಕಾಯಿತು. ಚಕ್ರಗಳಿಗೆ ಕಲ್ಲು ಕೊಟ್ಟು, ಸಾಹೇಬರು ಬ್ರೇಕು ಒತ್ತಿ ಹಿಡಿದು ಕ್ಷಣಮಾತ್ರ ಜೋರಾಗಿ ರೇಸ್ ಮಾಡಿದರು. ಗೇಜಿನ ಮುಳ್ಳು ಇದ್ದಲ್ಲಿಂದ ಹೆಚ್ಚು ಕದಲಲಿಲ್ಲ. ಕೇಬಲ್ಲನ್ನು ಗುಂಡಿನ ಗುರುತಿಗೆ ತಂದು ಮತ್ತೆ ಮಾಡಿದೆವು. ಮುಳ್ಳು ಏರಿತು.

ಶನಿವಾರ ಅಕ್ಕ ತಮ್ಮ ಬಂದಾಗ ಸಾಹೇಬರು ನನ್ನನ್ನು ಮಾತಾಡಲು ಬಿಡಲಿಲ್ಲ. "ಮೇಡಮ್, ಗಾಡಿ ಕೆಟ್ಟಿಲ್ಲ, ನಾನು ಕೆಡಿಸಿದ್ದು. ಮೈಲೇಜಿಗೆ ಅಂತ ಬಿಚ್ಚಬಾರದ ಕಡೆ ಬಿಚ್ಚಿದೆ" ಎಂದರು.

ನಂಜುಂಡಸ್ವಾಮಿ, "ಮಾಡ್ಬುಡಿ ಅಂದೋನು ನಾನು" ಎಂದರು.

"ನೀವು ಬೇಳೆ ವ್ಯಾಪಾರದವರು. ನಿಮಗೆ ಗೊತ್ತಿಲ್ಲ. ನಾನು ಗೊತ್ತಿರಬೇಕಾದೋನು" ಎಂದು ಸಾಹೇಬರು ಅಲ್ಲಿಗೇ ಆ ಮಾತು ಮುಗಿಸಿದರು.

ಒತ್ತಡ ಸರಿಹೋದರೂ ಸುಟ್ಟ ಪ್ಲೇಟು ಸರಿಹೋಗುವುದಿಲ್ಲ. ಗೇರ್ ಬಾಕ್ಸು ಇಳಿಸಿ ಬಿಚ್ಚಿದೆವು. ಮುಂದಕ್ಕೆ ಹೋಗುವ ಗೇರುಗಳ ಪ್ಲೇಟುಗಳು ಕಪ್ಪಾಗಿ ಅಂಚು ಉದುರುತ್ತಿದ್ದವು. ರಿವರ್ಸಿನವು ಅಷ್ಟು ಕೆಟ್ಟಿರಲಿಲ್ಲ, ಆದರೆ ಸವೆದಿದ್ದವು. ಬೆಂಗಳೂರಿನಲ್ಲಿ ಪ್ಲೇಟು ಸಿಗಲಿಲ್ಲ. ಕೊಲ್ಲಿ ದೇಶಗಳಿಂದ ಮರಳಿದವರು ತಂದ ಇಂಥ ಗಾಡಿಗಳು ಕಲ್ಲಿಕೋಟೆಯ ಕಡೆ ಇವೆ ಎಂದು ತಿಳಿದು ಸಾಹೇಬರು ತಾವೇ ಬಸ್ಸು ಹತ್ತಿದರು. ನನ್ನನ್ನು ಕಳಿಸಿ ಎಂದರೆ ಒಪ್ಪಲಿಲ್ಲ. ಗುಜರಿಗೆ ಬಂದಿದ್ದ ಒಂದು ಗಾಡಿಯ ಗೇರ್ ಬಾಕ್ಸಿನಿಂದ ಒಳ್ಳೆಯ ಪ್ಲೇಟುಗಳನ್ನು ಆರಿಸಿ, ಬಾಳೆ ಎಲೆಯಲ್ಲಿ ಸುತ್ತಿ ತಂದರು. ಅವು ಮುಂದಿನ ಗೇರುಗಳಿಗೆ ಸಾಕಾದವು. ರಿವರ್ಸಿನವು ಅಳತೆಯೇ ಬೇರೆ, ಅಲ್ಲಿಯೂ ಸಿಗಲಿಲ್ಲ. ಹಳೆಯವನ್ನೇ ಮತ್ತೆ ಕೂರಿಸುವುದು, ಇಲ್ಲವೇ ಸಿಗುವವರೆಗೆ ಗಾಡಿ ನಿಲ್ಲಿಸುವುದು. ಇದನ್ನು ಡಾಕ್ಟರಿಗೆ ತಿಳಿಸಿದೆವು.

"ಹಳೇವು ಎಷ್ಟು ದಿನ ಬರುತ್ತೆ?" ಎಂದು ಕೇಳಿದರು.

"ಹೇಳೋಕಾಗಲ್ಲ ಮೇಡಮ್. ವರ್ಷಾನೂ ಆಗ್ಬೋದು, ತಿಂಗಳೂ ಆಗ್ಬೋದು" ಎಂದೆ.

"ಹಾಕಿ."

ದಸರೆಗೆ ಮೊದಲು ಗಾಡಿ ಗ್ಯಾರೇಜಿನಿಂದ ಹೊರಟಿತು. ಜೀಪಿನ ಗೇರ್ ಬಾಕ್ಸನ್ನು ಸಾಹೇಬರು ಬೇರೆ ಯಾರಿಗೋ ಕೊಟ್ಟುಬಿಟ್ಟರು. ಮೈಲೇಜ್ ಸೆಟ್ಟಿಂಗನ್ನು ಅವರು ಬಿಡಲಿಲ್ಲ, ಟ್ಯಾಕ್ಸಿಯವರು ಬಿಡಗೊಡಲೂ ಇಲ್ಲ. ಆದರೆ ಗಾಡಿ ಬಂದ ಕೂಡಲೇ ಒಳಗೆ ತಲೆ ಹಾಕಿ, ಕಾಲಿನ ಬಳಿ ಪೆಡಲ್ ಎರಡೋ, ಕ್ಲಚ್ ಸೇರಿ ಮೂರೋ ಎಂದು ನೋಡಿಯೇ ಪಾನಾ ಎತ್ತುತ್ತಿದ್ದರು.

ಮುಂದಿನ ವರ್ಷಗಳಲ್ಲಿ ಊರಿಗೆ ಆಟೊಮ್ಯಾಟಿಕ್ ಗಾಡಿಗಳು ಒಂದೊಂದಾಗಿ ಬಂದವು. ಕೇಬಲ್ಲಿನ ಬದಲು ವೈರು, ವೈರಿನ ತುದಿಗೆ ಕಂಪ್ಯೂಟರು ಬಂತು. ಗಫಾರ್ ಸಾಹೇಬರ ಕಣ್ಣಿಗೆ ಪೊರೆ ಬಂದು ಗ್ಯಾರೇಜನ್ನು ಮಗನಿಗೆ ವಹಿಸಿದರು. ಮಗ ನೆಲವನ್ನು ಸಮತಟ್ಟಾಗಿ ಹಾಕಿಸಿ, ನೀರು ಹೋಗಲು ನಡುವೆ ಕಾಲುವೆ ಮಾಡಿಸಿದ. ನಾನು ಅಲ್ಲೇ ಮುಂದುವರಿದೆ. ಡಾಕ್ಟರ ಗಾಡಿ ಆಯಿಲ್ ಬದಲಾವಣೆಗೆ ಬರುತ್ತಿತ್ತು, ನಾನು ಕೇಬಲ್ಲಿನ ಗುಂಡು ನೋಡಿ ಕಳಿಸುತ್ತಿದ್ದೆ.

2005ರಲ್ಲಿ ರಿವರ್ಸ್ ಹೋಯಿತು. ಹಿಡಿಯನ್ನು ಅಲ್ಲಿಗೆ ಹಾಕಿದರೆ ಎಂಜಿನ್ ಸದ್ದು ಮಾತ್ರ. ಮುಂದಿನ ಗೇರುಗಳು ಸರಿಯಾಗಿದ್ದವು. ಅಳತೆ ನೋಡಿದೆ, ಕೇಬಲ್ ನೋಡಿದೆ, ಒತ್ತಡ ನೋಡಿದೆ. ಎಲ್ಲ ಸರಿ ಇತ್ತು. ರಿವರ್ಸಿನ ಪ್ಲೇಟುಗಳು ಮುಗಿದಿದ್ದವು. ಮತ್ತೆ ಕಲ್ಲಿಕೋಟೆಗೆ ಹೇಳಿ ಕಳಿಸಿದೆವು, ಚೆನ್ನೈಯಲ್ಲೂ ವಿಚಾರಿಸಿದೆವು. ಆ ಮಾದರಿಯ ಗಾಡಿಗಳೇ ಉಳಿದಿರಲಿಲ್ಲ.

"ಈಗ ಸಣ್ಣ ಆಟೊಮ್ಯಾಟಿಕ್ ಕಾರು ಬಂದಿವೆ ಅಕ್ಕ. ಒಂದು ತಗೊಂಡ್ಬುಡು" ಎಂದರು ನಂಜುಂಡಸ್ವಾಮಿ.

"ಅದು ಹೊಲಕ್ಕೆ ಇಳಿಯುತ್ತೇನೋ?"

"ಇದು ಇಳಿದ್ರೆ ವಾಪಸ್ ಬರಲ್ಲ."

"ಸುತ್ತು ಹಾಕ್ಕೊಂಡು ಬರ್ತೀನಿ" ಎಂದರು ಡಾಕ್ಟರು.

ಆಮೇಲಿನ ವರ್ಷಗಳಲ್ಲಿ ಎರಡು ಸಲ ಅವರ ಜೊತೆ ಹಳ್ಳಿಗಳಿಗೆ ಹೋಗಿದ್ದೆ. ಹೋದ ಕೂಡಲೇ ತಿರುಗಿಸಿಕೊಳ್ಳಲು ಜಾಗ ನೋಡಿಯೇ ನಿಲ್ಲಿಸುತ್ತಿದ್ದರು. ಜಾಗ ಇಲ್ಲದ ಕಡೆ ಊರಿನವರಿಗೆ ಅಭ್ಯಾಸವಾಗಿತ್ತು. "ಡಾಕ್ಟ್ರಮ್ಮ ಒಂಟ್ರು, ಬನ್ರೋ" ಎಂದು ಒಬ್ಬ ಕೂಗಿದರೆ ನಾಲ್ಕಾರು ಜನ ಬಂದು ಬಾನೆಟ್ಟಿಗೆ ಕೈ ಕೊಡುತ್ತಿದ್ದರು. "ಎಮ್ಮೆ ತಳ್ಳೋದೇ ಸಲೀಸು ಕಣಮ್ಮ, ಅದಾದ್ರೂ ಒಂದೆಜ್ಜೆ ತಾನೇ ಆಕ್ತದೆ" ಎಂದು ಒಬ್ಬ ಮುದುಕ ಹೇಳಿದ್ದು ನನಗೆ ಕೇಳಿಸಿತು.

ಹಳ್ಳಿಗಳಲ್ಲಿ ತಳ್ಳುವವರಿದ್ದರು. ಮನೆಯದೇ ತೊಡಕಾಗಿತ್ತು. ಗಾಡಿಯನ್ನು ಮುಂದಿನಿಂದ ಒಳಗೆ ನುಗ್ಗಿಸಿದರೆ, ಮರುದಿನ ಯಾರಾದರೂ ಬಂದು ಹಿಂದಕ್ಕೆ ತಳ್ಳುವವರೆಗೆ ಡಾಕ್ಟರು ಹೊರಡುವಂತಿಲ್ಲ. ಬೆಳಗಿನ ಕರೆಗಳು ಬರುವುದು ಎಲ್ಲರೂ ಏಳುವ ಮೊದಲು. ಅದಕ್ಕೆ ನಂಜುಂಡಸ್ವಾಮಿ ಸಂಜೆ ಅಂಗಡಿ ಮುಚ್ಚಿದವರು ನೇರ ಅಕ್ಕನ ಮನೆಗೆ ಬರತೊಡಗಿದರು. ಅಂಗಡಿಯ ಇಬ್ಬರು ಹಮಾಲಿಗಳನ್ನು ಜೊತೆಗೆ ಕರೆತಂದು, ಗಾಡಿಯನ್ನು ರಸ್ತೆಯಿಂದ ಹಿಂದುಮುಂದಾಗಿ ಕಾಂಪೌಂಡಿನೊಳಕ್ಕೆ ತಳ್ಳಿಸಿ ಹೋಗುತ್ತಿದ್ದರು. ಹೊಸ ಕಾರಿನ ಮಾತನ್ನು ಅವರು ಆಮೇಲೂ ಎತ್ತುತ್ತಿದ್ದರೆಂದು ಡಾಕ್ಟರು ಹೇಳಿದ್ದಾರೆ.

ನಾನು 2008ರಲ್ಲಿ ಗ್ಯಾರೇಜು ಬಿಟ್ಟೆ. ಡಾಕ್ಟರು ಕೆಲಸದಿಂದ ನಿವೃತ್ತರಾದ ಮೇಲೂ ಹಳ್ಳಿಗಳ ಕರೆ ನಿಂತಿಲ್ಲ. ಕಳೆದ ವಾರ ವಿದ್ಯಾರಣ್ಯಪುರಂ ಕಡೆ ಹೋಗಿದ್ದೆ. ಆಗಿನ್ನೂ ಸಂಜೆಯ ಬೆಳಕಿತ್ತು. ನಂಜುಂಡಸ್ವಾಮಿ ಆಗಲೇ ತಳ್ಳಿಸಿ ಹೋಗಿದ್ದ ಗಾಡಿ ಕಾಂಪೌಂಡಿನೊಳಗೆ ಗೇಟಿಗೆ ಮುಖ ಮಾಡಿ ನಿಂತಿತ್ತು.